ಕಂಬಾರರೂ ಫಾಬ್ರರೂ: ಅಡ್ಡಹೆಸರುಗಳ ವಿಷಯವಾಗಿ ಒಂದು ಪಾಠ



ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯನ್ನು ಮುಗಿಸಿದ ಒಬ್ಬ ಹುಡುಗಿಯು ಶಾಲೆ ಬಿಟ್ಟ ದಾಖಲೆಯನ್ನು ಪಡೆಯುವುದಕ್ಕಾಗಿ ನಮ್ಮ ಕಚೇರಿಗೆ ಬಂದಳು. ಹುಕ್ಕೇರಿಯ ಕಡೆಯ ಒಂದು ಹಳ್ಳಿಯವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಮಿತ. ಕಾಗದವನ್ನು ಕೈಗೆ ತೆಗೆದುಕೊಂಡ ಮೇಲೆಯೂ ಅವಳು ನಿಂತಲ್ಲಿಂದ ಕದಲಲಿಲ್ಲ. ಏನೆಂದು ಕೇಳಲಾಗಿ, “ಅಕ್ಕಾವರ, ಹೆಸರಿನ ಕೊನೀಗೆ ಕಂಬಾರ ಅಂತ ಐತಲ್ಲರಿ, ಅದೊಂದು ತಗದು ಬರದು ಕೊಡ್ರಿ” ಎಂದಳು. ಮುಂದೆ ತಾನು ಹೋಗತಕ್ಕ ಕಾಲೇಜು ದೊಡ್ಡ ಊರಿನದೆಂದೂ, ಅಲ್ಲಿ ಹಾಜರಿ ಕರೆದೊಡನೆ ತನ್ನ ಮನೆಯ ಉದ್ಯೋಗವೂ ಜಾತಿಯೂ ಎಲ್ಲರಿಗೆ ತಿಳಿದುಹೋಗುವುವೆಂದೂ, ನಮ್ಮ ಶಾಲೆಯಲ್ಲಿಯೇ ಕೆಲವು ಹುಡುಗಿಯರು ತನ್ನನ್ನು ‘ತಿದಿ ಊದುವಾಕಿ’ ಎಂದು ಕರೆದು ನಕ್ಕಿದ್ದರೆಂದೂ ಹೇಳಿದಳು.

ದಾಖಲೆ ಪುಸ್ತಕದಲ್ಲಿದ್ದ ಹೆಸರನ್ನು ಬದಲಿಸುವ ಅಧಿಕಾರವು ನಮಗಿಲ್ಲವೆಂದು ತಿಳಿಸಿ ಅವಳನ್ನು ಕಳುಹಿಸಿಕೊಟ್ಟೆವು. ಈ ಉತ್ತರವು ನಿಯಮಕ್ಕೆ ಸರಿಯಾದದ್ದು. ಆದರೆ ಶಿಕ್ಷಕಿಯ ಬಾಯಿಂದ ಬರತಕ್ಕ ಉತ್ತರವು ಅಷ್ಟೇ ಆಗಿರಬಾರದಾಗಿತ್ತು. ಹತ್ತು ವರ್ಷ ಶಾಲೆಯಲ್ಲಿ ಓದಿದ ಹುಡುಗಿಗೆ ತನ್ನ ಹೆಸರಿನ ಅರ್ಥವನ್ನು ನಾವಾರೂ ಕಲಿಸಿರಲಿಲ್ಲ. ಆ ಬಾಕಿಯನ್ನು ತೀರಿಸುವ ಸಲುವಾಗಿಯೇ ಈ ಸಂಚಿಕೆಯಲ್ಲಿ ಅಡ್ಡಹೆಸರುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

1. ಊರಿನಿಂದ ಬಂದ ಹೆಸರು

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮನುಷ್ಯನ ಪೂರ್ಣ ಹೆಸರಿಗೆ ಮೂರು ಭಾಗಗಳು: ತನ್ನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು. ಹಳೆಯ ಮೈಸೂರಿನ ಕಡೆಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದೆ ಇಟ್ಟುಕೊಂಡು ಸುಮ್ಮನಾಗುವ ರೂಢಿಯು ಹೆಚ್ಚು. ನಮ್ಮ ಕಡೆಗೆ ಹಾಗಲ್ಲ. ಅಡ್ಡಹೆಸರಿಲ್ಲದೆ ಮಾತು ಮುಗಿಯುವುದಿಲ್ಲ. ಹೊಸಬನು ಊರಿಗೆ ಬಂದರೆ “ಯಾವೂರು?” ಎಂಬ ಪ್ರಶ್ನೆಯ ಬೆನ್ನಿಗೆ “ಅಡ್ಡಹೆಸರೇನು?” ಎಂಬ ಪ್ರಶ್ನೆಯು ಬಂದೇ ಬರುತ್ತದೆ.

ಈ ಎರಡು ಪ್ರಶ್ನೆಗಳಿಗೂ ಎಷ್ಟೋ ವೇಳೆ ಒಂದೇ ಉತ್ತರವಿರುವುದುಂಟು. ಗೋಕಾಕ, ಹುಕ್ಕೇರಿ, ಮೂಡಲಗಿ, ಬೆಟಗೇರಿ ಇವು ಊರುಗಳೂ ಅಹುದು, ಮನೆತನಗಳೂ ಅಹುದು. ಇಲ್ಲಿ ಒಂದು ಸಂಗತಿಯನ್ನು ವಿಚಾರಿಸಿರಿ. ಗೋಕಾಕದಲ್ಲಿಯೇ ನೆಲೆಸಿದವನನ್ನು ಗೋಕಾಕದವರು ‘ಗೋಕಾಕ’ ಎಂದು ಕರೆಯಲು ಕಾರಣವೇನಿದೆ? ಅಲ್ಲಿ ಎಲ್ಲರೂ ಗೋಕಾಕದವರೇ. ಅವನು ಮತ್ತೊಂದು ಊರಿಗೆ ಹೋಗಿ ಮನೆ ಮಾಡಿದಾಗಲೇ ಅಲ್ಲಿಯ ಜನರು ಅವನನ್ನು ‘ಗೋಕಾಕದವನು’ ಎಂದು ಗುರುತಿಸುತ್ತಾರೆ. ಆದುದರಿಂದ ಊರಿನ ಅಡ್ಡಹೆಸರು ಸಾಮಾನ್ಯವಾಗಿ ಹಿರಿಯರು ಬಿಟ್ಟುಬಂದ ಊರಿನ ನೆನಪು.

ಇದಕ್ಕೆ ಉತ್ತಮ ಉದಾಹರಣೆಯು ವಿನಾಯಕ ಕೃಷ್ಣ ಗೋಕಾಕರದು. ಅವರು 1909ರಲ್ಲಿ ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ಆಮೇಲೆ ಆಕ್ಸಫರ್ಡಿನಲ್ಲಿಯೂ ಓದಿ, ‘ವಿನಾಯಕ’ ಎಂಬ ಹೆಸರಿನಿಂದ ಕಾವ್ಯ ಬರೆದು, ‘ಭಾರತ ಸಿಂಧು ರಶ್ಮಿ’ ಎಂಬ ಮಹಾಕಾವ್ಯವನ್ನು ರಚಿಸಿ, 1990ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ವಿಚಾರಿಸುವುದಕ್ಕಾಗಿ ಸರಕಾರವು 1980ರಲ್ಲಿ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಆ ಸಮಿತಿಯ ವರದಿಯನ್ನು ಜಾರಿಗೆ ತರಬೇಕೆಂದು 1982ರಲ್ಲಿ ನಾಡೆಲ್ಲ ಎದ್ದಾಗ, ಚಿತ್ರನಟ ರಾಜಕುಮಾರರು ಅದರ ಮುಂದಾಳಾದರು. ಅದಕ್ಕೆ ‘ಗೋಕಾಕ ಚಳುವಳಿ’ ಎಂದೇ ಹೆಸರಾಯಿತು. ನಮ್ಮ ತರಗತಿಗಳಲ್ಲಿ ಈ ಚಳುವಳಿಯು ಯಾವ ಊರಲ್ಲಿ ನಡೆಯಿತೆಂದು ಕೇಳಿದರೆ ಹುಡುಗಿಯರು ನಿಸ್ಸಂಶಯವಾಗಿ ಗೋಕಾಕ ಎನ್ನುತ್ತಾರೆ! ಊರಿನಿಂದ ಮನೆತನಕ್ಕೆ, ಮನೆತನದಿಂದ ಒಬ್ಬ ಪಂಡಿತರಿಗೆ, ಪಂಡಿತರಿಂದ ಒಂದು ಚಳುವಳಿಗೆ ಹೆಸರು ನಡೆದುಬಂದ ದಾರಿಯು ಇದು.

‘ಸಾವಿರ ಹಾಡುಗಳ ಸರದಾರ’ರೆಂದು ಹೆಸರಾದ ಜಾನಪದ ಗಾಯಕ ಹುಕ್ಕೇರಿ ಬಾಳಪ್ಪನವರೂ ಇದೇ ಮೇರೆಗೆ, ಅವರ ಹುಟ್ಟೂರು ಹುಕ್ಕೇರಿಯಲ್ಲ, ಸವದತ್ತಿಯ ಸೀಮೆಯ ಮುರಗೋಡು. ಮರಾಠಿಯ ಸಂಸರ್ಗವುಳ್ಳ ಮನೆತನಗಳಲ್ಲಿ ಊರಿನ ಹೆಸರಿಗೆ ‘ಕರ’ ಎಂಬ ಪ್ರತ್ಯಯವು ಸೇರುತ್ತದೆ; 1955ರಲ್ಲಿ ‘ಕರ್ನಾಟಕ ದರ್ಶನ’ವೆಂಬ ದೊಡ್ಡ ಗ್ರಂಥದ ಸಂಪಾದಕರಾಗಿದ್ದ ಆರ್. ಎಸ್. ಹುಕ್ಕೇರಿಕರರ ಹೆಸರು ಅಂಥದು. ‘ಹುಕ್ಕೇರಿ’ ಎಂದರೂ ‘ಹುಕ್ಕೇರಿಕರ’ ಎಂದರೂ ಹೇಳುವ ಸಂಗತಿಯು ಒಂದೇ.

ಆದರೆ ಯಾವ ನಿಯಮಕ್ಕೂ ಅಪವಾದವುಂಟು. ‘ಆನಂದಕಂದ’ರೆಂದು ಪ್ರಸಿದ್ಧರಾದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಹುಟ್ಟಿದ್ದು ಗೋಕಾಕ ತಾಲೂಕಿನ ಬೆಟಗೇರಿಯಲ್ಲಿಯೇ. ಗದಗಿನ ಮಗ್ಗುಲಲ್ಲಿಯೂ ಒಂದು ಬೆಟಗೇರಿಯು ಇರುವುದರಿಂದ, ಬರಿಯ ಹೆಸರನ್ನು ಕೇಳಿ ಇಂಥ ಊರೇ ಎಂದು ತೀರ್ಮಾನಿಸಬಾರದು. ಹಿರಿಯರನ್ನು ಕೇಳಿ ತಿಳಿಯಬೇಕು.

2. ಮನೆಯಿಂದಲೂ ಅಧಿಕಾರದಿಂದಲೂ ಬಂದ ಹೆಸರು

ಊರು ಬಿಡದೆ ಇದ್ದವರನ್ನು ಗುರುತಿಸುವ ಬಗೆ ಹೇಗೆ? ಮನೆಯಿಂದ. ಹೊಸಮನಿ, ಹಳೇಮನಿ, ದೊಡ್ಡಮನಿ, ಹಿರೇಮನಿ ಮುಂತಾದ ಹೆಸರುಗಳಲ್ಲಿ ‘ಮನಿ’ ಎಂಬುದು ನಮ್ಮ ಕಡೆಯ ಉಚ್ಚಾರದ ಮನೆಯೇ. ‘ಕಟ್ಟಿಮನಿ’ ಎಂದರೆ ಕಟ್ಟೆಯ ಮನೆ. ಈ ಹೆಸರನ್ನು ಹೊತ್ತು ಕಾದಂಬರಿಕಾರರಾದ ಬಸವರಾಜ ಕಟ್ಟಿಮನಿಯವರು 1919ರಲ್ಲಿ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಜನಿಸಿದರು; ‘ಜ್ವಾಲಾಮುಖಿಯ ಮೇಲೆ’ ಎಂಬ ಕಾದಂಬರಿಗೆ ಸೋವಿಯೆತ್ ಲ್ಯಾಂಡ್ ನೆಹರೂ ಪ್ರಶಸ್ತಿಯನ್ನು ಪಡೆದರು; 1980ರಲ್ಲಿ ಬೆಳಗಾವಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಇನ್ನು ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ವಾಲೀಕಾರ ಇವು ಊರಾಡಳಿತದ ಹುದ್ದೆಗಳು. ಪಾಟೀಲನು ಊರ ಮುಖ್ಯಸ್ಥನು. ಕುಲಕರ್ಣಿಯು ಲೆಕ್ಕ ಬರೆಯುವವನು. ತಳವಾರನು ಊರು ಕಾಯುವವನು. ಹುದ್ದೆಗಳು ಹೋಗಿ ಬಹುಕಾಲವಾದರೂ ಹೆಸರುಗಳು ಉಳಿದಿವೆ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಅಡ್ಡಹೆಸರು ಪುರಾಣ ಹೇಳುವ ವೃತ್ತಿಯದು. ಅವರಾದರೋ ಸಂಸಾರದ ಕಥೆಗಳನ್ನು ಹೇಳಿ ಮನೆಮನೆಯ ಹೆಣ್ಣುಮಕ್ಕಳಿಗೆ ಬೇಕಾದವರಾದರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ ಮುಂತಾದ ಹೆಸರುಗಳನ್ನು ಕೇಳಿ ಪರಸ್ಥಳದವರು ನಗುವುದುಂಟು. ನಮ್ಮ ಪೇಟೆಯ ಸಾಲುಗಳಲ್ಲಿ ಕುಳಿತು ತೂಗಿ ಮಾರಿದವರ ಮನೆಗಳಿಗೆ ಇಂಥ ಹೆಸರು ಬಂದರೆ ಅದರಲ್ಲಿ ನಗತಕ್ಕದ್ದೇನೂ ಇಲ್ಲ.

3. ಕಂಬಾರ ಎಂದರೆ ಯಾರು?

ಈಗ ಆ ಹುಡುಗಿಯ ಹೆಸರಿಗೆ ಬರೋಣ. ಸಂಸ್ಕೃತದಲ್ಲಿ ‘ಕರ್ಮಾರ’ ಎಂಬ ಶಬ್ದವುಂಟು. ಕೆಲಸ ಮಾಡುವವನು, ವಿಶೇಷವಾಗಿ ಕಬ್ಬಿಣದ ಕೆಲಸ ಮಾಡುವವನು ಎಂದು ಅದರ ಅರ್ಥ. ಇದೇ ‘ಕಮ್ಮಾರ’ವಾಗಿ, ನಮ್ಮ ಕಡೆಗೆ ‘ಕಂಬಾರ’ವಾಯಿತು. ಗುಮಾಸ್ತರು ಒಂದು ಕೊಂಬನ್ನು ಹೆಚ್ಚು ಇಟ್ಟು ‘ಕುಂಬಾರ’ ಎಂದು ಬರೆದುಬಿಡುವುದುಂಟು. ಕುಂಬಾರನು ಮಣ್ಣನ್ನು ತಿರುಗಿಸುವವನು. ಕಂಬಾರನು ಕಬ್ಬಿಣವನ್ನು ಕಾಯಿಸುವವನು. ಒಂದು ಕೊಂಬಿನಿಂದ ಉದ್ಯೋಗವೇ ಬದಲಾಗುತ್ತದೆಂಬುದನ್ನು ದಾಖಲೆ ಬರೆಯುವವರು ನೆನಪಿನಲ್ಲಿಡಬೇಕು.

ಹಿಂದಿನ ಹಳ್ಳಿಯಲ್ಲಿ ಕಂಬಾರನಿಲ್ಲದೆ ಬಿತ್ತನೆಯಿಲ್ಲ, ಸುಗ್ಗಿಯಿಲ್ಲ. ನೇಗಿಲಿನ ಕುಳವನ್ನು ತಟ್ಟಿ ಮೊನೆ ಮಾಡುವುದು, ಕುಡಗೋಲನ್ನು ಹಣಿಯುವುದು, ಬಂಡಿಯ ಗಾಲಿಗೆ ಕಾದ ಹಳಿಯನ್ನು ಕೂಡಿಸುವುದು, ಕೊಡಲಿ ಗುದ್ದಲಿಗಳನ್ನು ಸಿದ್ಧಪಡಿಸುವುದು ಎಲ್ಲವೂ ಅವನ ಕುಲುಮೆಯಲ್ಲಿಯೇ. ಕೂಲಿಯನ್ನು ದಿನದಿನಕ್ಕೆ ಎಣಿಸದೆ, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳನ್ನು ಪಡೆಯುವ ಆಯಗಾರರಲ್ಲಿ ಅವನೂ ಒಬ್ಬನು. ಅವನ ಮನೆಯ ಹೆಣ್ಣುಮಕ್ಕಳು ತಿದಿ ಊದಿದ್ದರೆ ಅದು ನಗುವ ಸಂಗತಿಯಲ್ಲ; ತಿದಿ ನಿಂತರೆ ಕಬ್ಬಿಣವು ಆರುತ್ತದೆ, ಕಬ್ಬಿಣವು ಆರಿದರೆ ಊರಿನ ನೇಗಿಲು ನಿಲ್ಲುತ್ತದೆ.

ಇದೇ ಹೆಸರನ್ನು ಹೊತ್ತವರು ಡಾಕ್ಟರ್ ಚಂದ್ರಶೇಖರ ಕಂಬಾರರು. 1937ರ ಜನೇವರಿ 2ರಂದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಹೈಸ್ಕೂಲಿಗೆ ಬಂದವರು. ಬಡತನದಿಂದ ಓದು ನಿಂತಿತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚಿನ ಭಾರವನ್ನು ವಹಿಸಿಕೊಂಡದ್ದರಿಂದ ಅದು ಮುಂದುವರಿಯಿತು. ಆ ಹುಡುಗನೇ ‘ಜೋಕುಮಾರಸ್ವಾಮಿ’, ‘ಸಿರಿಸಂಪಿಗೆ’ ಮುಂತಾದ ನಾಟಕಗಳನ್ನು ಬರೆದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲನೆಯ ಕುಲಪತಿಯಾಗಿ, 2010ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದು, 2018ರಿಂದ 2023ರ ವರೆಗೆ ದೆಹಲಿಯ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅಡ್ಡಹೆಸರನ್ನು ಅವರು ಎಲ್ಲಿಯೂ ಮುಚ್ಚಿಡಲಿಲ್ಲ. ಇಂದು ನಾಡಿನಲ್ಲಿ ಬರಿದೆ ‘ಕಂಬಾರರು’ ಎಂದರೆ ಅವರೆಂದೇ ಅರ್ಥ.

4. ಫ್ರಾನ್ಸಿನ ಕಂಬಾರರು

ಇಂಥ ಹೆಸರುಗಳು ನಮ್ಮಲ್ಲಿ ಮಾತ್ರ ಇವೆಯೇ? ಇಲ್ಲ. ಆಂಗ್ಲರ ಸ್ಮಿತ್, ಜರ್ಮನರ ಶ್ಮಿಟ್, ಇಟಲಿಯವರ ಫೆರಾರಿ, ಅರಬರ ಹದ್ದಾದ್ ಎಲ್ಲವೂ ಕಂಬಾರನ ಹೆಸರುಗಳೇ. ಮೋಟಾರಿನಿಂದ ಹೆಸರಾದ ಫೆರಾರಿಯು ಕೇಳುವುದಕ್ಕೆ ವೈಭವವಾಗಿದ್ದರೂ ಅದರ ಮೂಲದಲ್ಲಿ ಇರುವುದು ಕಬ್ಬಿಣವೇ.

ಫ್ರಾನ್ಸ್ ದೇಶದ ಹೆಸರನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಫಾಬೆರ್’ ಎಂದರೆ ಕೈಗೆಲಸದವನು; ಆಮೇಲೆ ವಿಶೇಷವಾಗಿ ಕಂಬಾರನು. ನಮ್ಮ ‘ಕರ್ಮಾರ’ಕ್ಕೂ ಇದಕ್ಕೂ ಅರ್ಥದ ಹೋಲಿಕೆಯನ್ನು ಗಮನಿಸಿರಿ. ಈ ಶಬ್ದದಿಂದ ಉತ್ತರ ಫ್ರಾನ್ಸಿನಲ್ಲಿ ‘ಲೆಫೆವ್ರ್’ ಎಂಬ ಹೆಸರೂ ದಕ್ಷಿಣದಲ್ಲಿ ‘ಫಾಬ್ರ್’, ‘ಫೋರ್’ ಎಂಬ ಹೆಸರುಗಳೂ ಹುಟ್ಟಿದವು. ದಕ್ಷಿಣ ಕರ್ನಾಟಕದ ಕಮ್ಮಾರನು ಉತ್ತರಕ್ಕೆ ಬಂದು ಕಂಬಾರನಾದಂತೆ. ಗೋಕಾಕ ಹುಕ್ಕೇರಿಗಳ ರಸ್ತೆಯ ಬದಿಗೆ ಬಾಗಿಲು ಕಿಟಕಿಗಳನ್ನು ಬೆಸೆಯುವ ಅಂಗಡಿಗಳ ಮೇಲೆ ‘ಫ್ಯಾಬ್ರಿಕೇಶನ್ ವರ್ಕ್ಸ್’ ಎಂದು ಬರೆದಿರುವುದನ್ನು ತಾವು ನೋಡಿರಬಹುದು. ಆ ಮಾತಿನಲ್ಲಿರುವುದೂ ಅದೇ ‘ಫಾಬೆರ್’! ನಮ್ಮ ಕಂಬಾರನು ತನಗೆ ತಿಳಿಯದಂತೆಯೇ ದೂರದ ನೆಂಟನ ಹೆಸರನ್ನು ಹಲಗೆಯ ಮೇಲೆ ತೂಗಹಾಕಿದ್ದಾನೆ.

ಫಾಬ್ರ್ ಎಂಬ ಹೆಸರಿನವರಲ್ಲಿ ಆಂರಿ ಫಾಬ್ರ್ ಎಂಬವರು 1910ರಲ್ಲಿ ಯಂತ್ರದ ಬಲದಿಂದ ನೀರಿನ ಮೇಲಿಂದ ಎದ್ದು ಹಾರುವ ವಿಮಾನವನ್ನು ಮೊದಲು ನಡೆಸಿದರು. ಆದರೆ ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಹೆಚ್ಚು ಆಪ್ತರಾದವರು ಜಾಂ-ಆಂರಿ ಫಾಬ್ರ್. ಇವರು 1823ರಲ್ಲಿ ಸೇಂ-ಲೆಯೋಂ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದರು. ವಿದ್ಯಾರ್ಥಿವೇತನದ ಆಧಾರದಿಂದ ಶಿಕ್ಷಕರ ತರಬೇತಿಯನ್ನು ಪಡೆದು ಶಾಲೆಯ ಮಾಸ್ತರರಾದರು. ಜೇನ್ನೊಣ, ಕಣಜ, ಸಗಣಿಹುಳು, ಜೇಡ ಮುಂತಾದವುಗಳ ಜೀವನವನ್ನು ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತು ನೋಡಿ ಹತ್ತು ಸಂಪುಟಗಳಲ್ಲಿ ಬರೆದರು. ಡಾರ್ವಿನ್ನರು ಅವರನ್ನು ಸಾಟಿಯಿಲ್ಲದ ವೀಕ್ಷಕರೆಂದು ಹೊಗಳಿದರು.

ಅವರು ಆವಿಞೋಂ ಪಟ್ಟಣದಲ್ಲಿ ಸಾರ್ವಜನಿಕರಿಗೆ ಧರ್ಮಾರ್ಥವಾಗಿ ವಿಜ್ಞಾನದ ಉಪನ್ಯಾಸಗಳನ್ನು ನಡೆಸುತ್ತಿದ್ದರು; ಎಳೆಯ ಹುಡುಗಿಯರೂ ಬಂದು ಕೇಳುತ್ತಿದ್ದರು. ಹೂವಿನಲ್ಲಿ ಪರಾಗವು ಸೇರಿ ಕಾಯಿ ಕಟ್ಟುವ ಬಗೆಯನ್ನು ಹೆಣ್ಣುಮಕ್ಕಳ ಮುಂದೆ ವಿವರಿಸಿದರೆಂಬ ಕಾರಣಕ್ಕಾಗಿ ಊರಿನಲ್ಲಿ ದೊಡ್ಡ ಗುಲ್ಲೆದ್ದಿತು. 1870ರ ಸುಮಾರಿಗೆ ಅವರು ಉದ್ಯೋಗವನ್ನು ಬಿಡಬೇಕಾಯಿತು. ಬಾಡಿಗೆಯ ಮನೆಯನ್ನೂ ಬಿಡಬೇಕಾಯಿತು. ಆಂಗ್ಲ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲರು ಸಾಲ ಕೊಟ್ಟದ್ದರಿಂದ ಸಂಸಾರವು ನೆಲೆ ಕಂಡಿತು. ಇಂದು ನಮ್ಮ ಹುಡುಗಿಯರು ದಾಸವಾಳದ ಹೂವನ್ನು ಸೀಳಿ ಕೇಸರಗಳನ್ನು ಎಣಿಸುವಾಗ, ಇದೇ ಪಾಠವನ್ನು ಹೇಳಿ ಅನ್ನ ಕಳೆದುಕೊಂಡ ಒಬ್ಬ ಮಾಸ್ತರರಿದ್ದರೆಂಬುದನ್ನು ನೆನೆಯಬೇಕು. ಅವರ ಹೆಸರಿನ ಅರ್ಥವು ‘ಕಂಬಾರ’ ಎಂದು.

5. ಮರೆಮಾಚಬಾರದ ಒಂದು ಮಾತು

ಇಷ್ಟು ಹೇಳಿ ಮುಗಿಸಿದರೆ ನಾವು ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಫ್ರಾನ್ಸಿನಲ್ಲಿ ಫಾಬ್ರ್ ಎಂದು ಕರೆದರೆ ಯಾರೂ ಕುಲುಮೆಯನ್ನು ನೆನೆಯುವುದಿಲ್ಲ. ಅಲ್ಲಿ ಹೆಸರಿನ ಅರ್ಥವು ಸವೆದುಹೋಗಿದೆ. ನಮ್ಮಲ್ಲಿ ಅಡ್ಡಹೆಸರು ಇಂದಿಗೂ ಜಾತಿಯ ಬಾಗಿಲನ್ನು ತಟ್ಟುತ್ತದೆ. ಕೆಲವರಿಗೆ ಅದು ಕುರ್ಚಿಯನ್ನು ತಂದುಕೊಡುತ್ತದೆ, ಕೆಲವರನ್ನು ಹೊಸ್ತಿಲಿನಲ್ಲಿ ನಿಲ್ಲಿಸುತ್ತದೆ. ಈ ನೋವನ್ನು ಉಂಡವರು ಹೆಸರನ್ನು ಬಿಡಬೇಕೆಂದರೆ ನಾವು ಅವರನ್ನು ಆಕ್ಷೇಪಿಸಲಾರೆವು. ವಯಸ್ಸಿಗೆ ಬಂದವರು ಪ್ರತಿಜ್ಞಾಪತ್ರವನ್ನು ಮಾಡಿಸಿ, ಗ್ಯಾಜೆಟ್ಟಿನಲ್ಲಿ ಪ್ರಕಟಿಸಿ ಹೆಸರನ್ನು ಬದಲಿಸಿಕೊಳ್ಳುವ ದಾರಿಯುಂಟು. ನಮ್ಮ ಮಾತು ಇಷ್ಟೇ: ಬಿಡುವವರು ಅರ್ಥವನ್ನು ತಿಳಿದು ಬಿಡಲಿ, ನಾಚಿಕೆಯಿಂದ ಬಿಡುವುದು ಬೇಡ. ನಾಚಬೇಕಾದವರು ನಕ್ಕವರು.

ಪಾಲಕರಿಗೆ ಒಂದು ಸೂಚನೆ. ಮಕ್ಕಳು ಅಣಕಿಸುವ ಮಾತನ್ನು ಶಾಲೆಯ ಅಂಗಳದಲ್ಲಿ ಹೊಸದಾಗಿ ಹುಟ್ಟಿಸಿಕೊಳ್ಳುವುದಿಲ್ಲ. ಮನೆಯ ಪಡಸಾಲೆಯಲ್ಲಿ ಕೇಳಿ ಬಂದಿರುತ್ತಾರೆ.

6. ಹೆಣ್ಣುಮಕ್ಕಳ ಹೆಸರು

ಗಂಡಸು ಊರು ಬಿಟ್ಟರೆ ಅವನ ಊರು ಅಡ್ಡಹೆಸರಾಗಿ ದಾಖಲೆಗಳಲ್ಲಿ ನಿಲ್ಲುತ್ತದೆಂದು ಮೇಲೆ ಹೇಳಿದೆವು. ಹೆಣ್ಣುಮಗಳಾದರೋ ಮದುವೆಯಲ್ಲಿ ಊರು ಬಿಡುವವಳೇ. ಅತ್ತೆಯ ಮನೆಯಲ್ಲಿ ಅವಳನ್ನು ‘ಮೂಡಲಗಿಯಾಕಿ’, ‘ಗೋಕಾಕದಾಕಿ’ ಎಂದು ಕರೆಯುತ್ತಾರೆ. ಆದರೆ ಆ ಹೆಸರು ಬಾಯಲ್ಲಿಯೇ ಉಳಿಯುತ್ತದೆ, ಕಾಗದಕ್ಕೆ ಏರುವುದಿಲ್ಲ. ಕಾಗದದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರೂ, ತೌರಿನ ಅಡ್ಡಹೆಸರಿನ ಜಾಗದಲ್ಲಿ ಅತ್ತೆಮನೆಯ ಅಡ್ಡಹೆಸರೂ ಬರುತ್ತವೆ. ಕೆಲವು ಮನೆತನಗಳಲ್ಲಿ ಮೊದಲಿನ ಹೆಸರನ್ನೂ ಬದಲಿಸುವ ರೂಢಿಯುಂಟು. ಆಗ ಶಾಲೆಯ ಪುಸ್ತಕದಲ್ಲಿದ್ದ ಮೂರು ಶಬ್ದಗಳಲ್ಲಿ ಒಂದೂ ಉಳಿಯುವುದಿಲ್ಲ.

ಫ್ರಾನ್ಸಿನಲ್ಲಿ 1794ರಲ್ಲಿ ಮಾಡಿದ ಒಂದು ಶಾಸನದ ಮೇರೆಗೆ ಯಾರೂ ಹುಟ್ಟಿನ ದಾಖಲೆಯಲ್ಲಿ ಇಲ್ಲದ ಹೆಸರನ್ನು ಧರಿಸತಕ್ಕದ್ದಲ್ಲ. ಹೀಗಾಗಿ ಮದುವೆಯಾದ ಮೇಲೆಯೂ ಅಲ್ಲಿಯ ಹೆಣ್ಣಿನ ಕಾನೂನಿನ ಹೆಸರು ಹುಟ್ಟಿನದೇ. ಗಂಡನ ಹೆಸರು ಬಳಕೆಗೆ ಮಾತ್ರ. ನಮ್ಮ ದೇಶದಲ್ಲಿಯೂ ಗಂಡನ ಅಡ್ಡಹೆಸರನ್ನು ತೆಗೆದುಕೊಳ್ಳಲೇಬೇಕೆಂಬ ಕಾನೂನು ಇಲ್ಲ, ಇರುವುದು ರೂಢಿಯು. ಈ ರೂಢಿಯನ್ನು ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಆದರೆ ಪ್ರಮಾಣಪತ್ರಗಳಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು ಹೆಸರು ಆಗಿ, ನೌಕರಿಯ ಹೊತ್ತಿಗೆ ಇವೆರಡೂ ತಾನೇ ಎಂದು ಸಾಧಿಸುವುದಕ್ಕಾಗಿ ಅಲೆದಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ನಾವು ಕಂಡಿದ್ದೇವೆ. ಮದುವೆಯ ನೋಂದಣಿಪತ್ರವನ್ನು ಮಾಡಿಸಿ ಜೋಪಾನವಾಗಿಡಿರಿ.

ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯನ್ನು ಮಾಡಲು ಕುಳಿತಾಗ ನಮಗೂ ಇದೇ ತೊಡಕು ಬಂದಿತು. ಪುಸ್ತಕದಲ್ಲಿ ಹೆಸರುಗಳಿವೆ, ಆ ಹೆಸರಿನವರು ಎಲ್ಲಿಯೂ ಇಲ್ಲ! ಆದಕಾರಣ ನಮಗೆ ಕಾಗದ ಬರೆಯುವವರು ತೌರಿನ ಹೆಸರನ್ನೂ ಈಗಿನ ಹೆಸರನ್ನೂ ಎರಡನ್ನೂ ಬರೆಯಬೇಕಾಗಿ ವಿನಂತಿ.

7. ಮನೆಯಲ್ಲಿ ಕೇಳಿ ಬರೆಯತಕ್ಕ ಪ್ರಶ್ನೆಗಳು

ಪಾಲಕರು ಮಕ್ಕಳೊಂದಿಗೆ ಕುಳಿತು ಇವುಗಳಿಗೆ ಉತ್ತರ ಬರೆದರೆ ಈ ಪಾಠವು ಸಾರ್ಥಕವಾದೀತು.

(ಅ) ನಿಮ್ಮ ಅಡ್ಡಹೆಸರು ಊರಿನದೋ, ಮನೆಯದೋ, ಹುದ್ದೆಯದೋ, ಕೆಲಸದ್ದೋ?
(ಆ) ಊರಿನದಾದರೆ, ಆ ಊರನ್ನು ಯಾರು, ಯಾವ ಕಾರಣದಿಂದ ಬಿಟ್ಟರು? ಹಿರಿಯರ ಬಾಯಿಂದ ಕೇಳಿ ಬರೆಯಿರಿ.
(ಇ) ಕೆಲಸದ್ದಾದರೆ, ಆ ಕೆಲಸದ ಐದು ಉಪಕರಣಗಳ ಹೆಸರನ್ನು ಬರೆಯಿರಿ.
(ಈ) ನಿಮ್ಮ ತಾಯಿಯ ತೌರಿನ ಅಡ್ಡಹೆಸರು ಯಾವುದು? ಅಜ್ಜಿಯದು? ಅಜ್ಜಿಯ ತಾಯಿಯದು?

ನಾಲ್ಕನೆಯ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಂಡಾಗ ಅಜ್ಜಿಯ ವರೆಗೆ ಮಾತ್ರ ಹೋಗಲು ಸಾಧ್ಯವಾಯಿತು. ಅದರ ಹಿಂದಿನವಳ ಹೆಸರನ್ನು ಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನಿಮ್ಮ ಮನೆಯಲ್ಲಿ ಬಲ್ಲವರು ಇನ್ನೂ ಇದ್ದರೆ ಇಂದೇ ಕೇಳಿರಿ.

ಆ ದಿನ ದಾಖಲೆಯನ್ನು ಹಿಡಿದುಕೊಂಡು ಹೋದ ನಮ್ಮ ಹುಡುಗಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಅವಳ ಹಳೆಯ ವಿಳಾಸಕ್ಕೆ ಕಳುಹಿಸುತ್ತಿದ್ದೇವೆ. ಹೊದಿಕೆಯ ಮೇಲೆ ಅವಳ ಪೂರ್ಣ ಹೆಸರನ್ನು, ಕೊನೆಯ ಶಬ್ದವನ್ನೂ ಬಿಡದೆ, ನಮ್ಮ ಕೈಯಿಂದಲೇ ಬರೆದಿದ್ದೇವೆ. ಅವಳು ಅದನ್ನು ಇಟ್ಟುಕೊಂಡಿರಲಿ, ಬಿಟ್ಟಿರಲಿ, ಅದರ ಅರ್ಥವನ್ನು ಅವಳಿಗೆ ತಲುಪಿಸುವುದು ನಮ್ಮ ಕೆಲಸವಾಗಿತ್ತು. ತಡವಾದದ್ದಕ್ಕೆ ಅವಳು ಕ್ಷಮಿಸಬೇಕು.